ಹುಣಸೆಹಣ್ಣಿಗೆ ಸಿಕ್ಕ ಪದಕ

ಪದಕ ಬಂದ ಮನೆಯಲ್ಲಿ ಪದಕಕ್ಕೆ ಸಿಗುವ ಮರ್ಯಾದೆ ಅದನ್ನು ತಂದವನಿಗೆ ಸಿಗುವುದಿಲ್ಲ. ನಾನು ಮಾನ್ವಿ ಕಡೆಯ ಕಾಲುವೆಗಳನ್ನು ನೋಡಿಕೊಳ್ಳುವ ಎಂಜಿನಿಯರು, ಮನೆ ರಾಯಚೂರಿನಲ್ಲಿ. ಹೋದ ವರ್ಷ ಬೆಂಗಳೂರಿನ ಸಂಸ್ಥೆಯೊಂದು ‘ತಂತ್ರಜ್ಞಾನದಲ್ಲಿ ಅಪೂರ್ವ ಸಾಧನೆ’ ಎಂದು ಬಂಗಾರದ ಬಣ್ಣದ ಪದಕವೊಂದನ್ನು ನನ್ನ ಕೊರಳಿಗೆ ಹಾಕಿತು. ಶೋಕೇಸಿನಲ್ಲಿದ್ದ ನಮ್ಮ ಮದುವೆಯ ಫೋಟೋ ಅದಕ್ಕೆ ಜಾಗ ಬಿಟ್ಟು ಫ್ರಿಜ್ಜಿನ ಮೇಲೆ ಹೋಯಿತು. ಬಂದವರಿಗೆ ನನ್ನ ಹೆಂಡತಿ ಶಾಂತಾ ಮೊದಲು ಪದಕ ತೋರಿಸಿ, ಆಮೇಲೆ ನೆನಪಾದರೆ ನನ್ನನ್ನು ತೋರಿಸುತ್ತಿದ್ದಳು.

ಆ ಸಾಧನೆ ಏನೆಂದು ಹೇಳಿಬಿಡುತ್ತೇನೆ. ಹಿರೇಕೊಟ್ನೆಕಲ್ ಹತ್ತಿರ ಕಾಲುವೆಯ ಗೇಟೊಂದು ಮುಚ್ಚಿದರೂ ಸೋರುತ್ತಿತ್ತು. ನಾನು ಮೂರು ನಕ್ಷೆ ಬರೆದೆ, ಎರಡು ಸಲ ರಬ್ಬರ್ ಪಟ್ಟಿ ತರಿಸಿದೆ, ಒಂದು ಸಲ ಗೇಟಿಗೇ ಬೈದೆ. ಅದು ಜಗ್ಗಲಿಲ್ಲ. ಕೊನೆಗೆ ಪೋತ್ನಾಳದ ಪಂಪ್‌ಸೆಟ್ ಮೆಕ್ಯಾನಿಕ್ ಖಾಜಾಸಾಬ್ ಬಂದರು. ಲಾರಿಯ ಹಳೆಯ ಟ್ಯೂಬೊಂದನ್ನು ಮಡಚಿ ಗೇಟಿನ ಅಡಿಗೆ ಬಿಗಿದು ಗಾಳಿ ಹೊಡೆದರು. “ಏನಿಲ್ರೀ ಸಾಹೇಬ್ರ, ಇದರ ಹೊಟ್ಟಿ ಉಬ್ಬಿದ್ರ ಸಂದಿ ತಾನಾ ಮುಚ್ಚತದ” ಅಂದರು. ಆಮೇಲೆ ಒಂದು ಹನಿಯೂ ಸೋರಲಿಲ್ಲ. ಅದನ್ನೇ ನಾನು ಚಿತ್ರ ಸಹಿತ ಹನ್ನೆರಡು ಪುಟ ಬರೆದು ಕಳಿಸಿದೆ. ಅರ್ಜಿಯಲ್ಲಿ ‘ಜೊತೆಗೆ ದುಡಿದವರ ಹೆಸರು’ ಎಂಬ ಕಾಲಂ ಇತ್ತು. ‘ಅನ್ವಯಿಸುವುದಿಲ್ಲ’ ಎಂದು ಬರೆದೆ. ಬರೆಯುವಾಗ ಪೆನ್ನು ಒಂದು ಕ್ಷಣವೂ ನಿಲ್ಲಲಿಲ್ಲ. ನೆನೆದರೆ ಈಗ ನಾಚಿಕೆಯಾಗುತ್ತದೆ.

ಶಾಂತಾಳ ತವರು ದೇವದುರ್ಗ. ಹಳದಿಯಾಗಿ ಹೊಳೆಯುವುದು ಏನೇ ಇರಲಿ, ಹಬ್ಬದ ಮುಂಚೆ ಅದಕ್ಕೆ ಹುಣಸೆಹಣ್ಣು ಹಚ್ಚಿ ತಿಕ್ಕುವುದು ಅವರ ಮನೆಯ ಪದ್ಧತಿ. ಈ ದೀಪಾವಳಿಗೆ ತಂಬಿಗೆ, ಆರತಿ ತಟ್ಟೆಗಳ ಜೊತೆ ಪದಕಕ್ಕೂ ಸ್ನಾನವಾಯಿತು. ಬಂಗಾರದ ಬಣ್ಣ ಬಚ್ಚಲಿಗೆ ಹೋಯಿತು, ಕೊಂಡಿ ಕಿತ್ತು ಕೈಗೆ ಬಂತು.

“ಮಾರಿ ಯಾಕ ಹಂಗ ಮಾಡ್ತೀರಿ? ನೀವು ದಿನಾ ಹೊಗಳ್ತೀರಲ್ಲ ಖಾಜಾಸಾಬ್, ಅವರ ಕಡಿ ಒಯ್ರಿ, ಬೆಸಿಗಿ ಹಾಕಿ ಕೊಡ್ತಾರ” ಎಂದು ಅದನ್ನು ಊಟದ ಡಬ್ಬಿಯ ಚೀಲಕ್ಕೆ ಹಾಕಿದಳು. ಪದಕ ಬಂದದ್ದನ್ನೇ ನಾನು ಖಾಜಾಸಾಬರಿಗೆ ಹೇಳಿರಲಿಲ್ಲ. ಮೊದಲ ದಿನ ಅಂಗಡಿ ಮುಚ್ಚಿತ್ತು ಎಂದೆ. ಮರುದಿನ ಕರೆಂಟು ಇರಲಿಲ್ಲ ಎಂದೆ. ಮೂರನೆಯ ದಿನ, ಅವರು ದೇವದುರ್ಗಕ್ಕೆ ಮದುವೆಗೆ ಹೋಗಿದ್ದಾರೆ ಎಂದು ಎಡವಟ್ಟು ಮಾಡಿಕೊಂಡೆ. “ನಮ್ಮೂರಾಗ ಯಾರ ಮದುವಿ?” ಎಂದವಳು ಸೀದಾ ಅವರಿಗೇ ಫೋನ್ ಮಾಡಿದಳು.

“ಸಾಹೇಬ್ರ, ನಾ ಎಲ್ಲೂ ಹೋಗಿಲ್ರೀ, ಅಂಗಡ್ಯಾಗ ಅದೀನಿ. ಏನೋ ಪದಕ ಅದಂತಲ್ಲ, ತಗೊಂಡು ಬರ್ರಿ” ಎಂದು ಮರುದಿನ ಬೆಳಿಗ್ಗೆಯೇ ಖಾಜಾಸಾಬರ ಫೋನ್ ಬಂತು. ಹೋದೆ. ಅವರು ಪದಕವನ್ನು ಅಂಗಿಗೆ ಒರೆಸಿ, ಕನ್ನಡಕ ಏರಿಸಿ, ನನ್ನ ಹೆಸರಿನ ಕೆಳಗಿದ್ದುದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದರು: ‘ಗಾಳಿ ತುಂಬಿದ ರಬ್ಬರಿನಿಂದ ಸೋರಿಕೆ ತಡೆ.’

“ಸಾಹೇಬ್ರ, ಇದು ನಮ್ಮ ಟ್ಯೂಬಿಂದಲ್ರೀ?”

“ಹೌದ್ರೀ.”

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಎದುರಿನ ಹೋಟೆಲಿನ ಕಡೆ ತಿರುಗಿ, “ಎರಡು ಚಾ ಕಳಸ್ರೋ! ನಮ್ಮ ಟ್ಯೂಬಿಗೆ ಬೆಂಗಳೂರಾಗ ಪದಕ ಬಂದದ!” ಎಂದು ಕೂಗಿದರು. ನನಗೆ ತಡೆಯಲಾಗಲಿಲ್ಲ. ಆ ಕಾಲಮ್ಮಿನ ಕಥೆಯನ್ನೂ ಹೇಳಿಬಿಟ್ಟೆ. ಅವರು ತಲೆ ತಗ್ಗಿಸಿ ಕೊಂಡಿ ಬೆಸೆದರು. ಚಹಾ ಆರಿತು. “ಒಂದು ಮಾತು ಹೇಳಿದ್ರ ಸಾಕಿತ್ತಲ್ರೀ. ನಾನೇನು ಕಸ್ಕೊಂತಿದ್ನ್ಯಾ?” ಅಂದರು.

ಪದಕವನ್ನು ಅವರ ಅಂಗಡಿಯ ಮೊಳೆಗೆ ನಾನೇ ತೂಗುಹಾಕಿ ಬಂದೆ. ಅವರ ಹೆಸರು ಸೇರಿಸಿ ಎಂದು ಸಂಸ್ಥೆಗೂ ಬರೆದಿದ್ದೇನೆ, ಉತ್ತರ ಬಂದಿಲ್ಲ. ಮದುವೆಯ ಫೋಟೋ ಶೋಕೇಸಿಗೆ ವಾಪಸಾಗಿದೆ. ಖಾಜಾಸಾಬರು ಮಾತ್ರ ಗಿರಾಕಿಗಳಿಗೆಲ್ಲ, “ಕೆಲಸ ನಂದು, ಅರ್ಜಿ ನಮ್ಮ ಸಾಹೇಬ್ರದು. ಅರ್ಜಿ ಭಾಳ ಚಂದ ಬರೀತಾರ” ಎಂದು ಹೇಳುತ್ತಿದ್ದಾರೆ. ನನ್ನಲ್ಲೂ ಒಂದು ವಿದ್ಯೆ ಇದೆ ಎಂದು ಪೋತ್ನಾಳದವರು ಒಪ್ಪಿದ್ದು ಇದೇ ಮೊದಲು.

ಮೊನ್ನೆ ಖಾಜಾಸಾಬರ ಅಂಗಡಿಯಲ್ಲಿ ಕೂತು, ಅವರ ಮಾತು ಕೇಳಿ ಬಂದ ಅಜ್ಜಿಯೊಬ್ಬಳ ಪಿಂಚಣಿ ಅರ್ಜಿ ಬರೆಯುತ್ತಿದ್ದೆ. ‘ಕುಟುಂಬದವರ ಹೆಸರು’ ಎಂಬ ಕಾಲಂ ಬಂತು. ಯಾರೂ ಇಲ್ಲ ಅಂದಳು. ಪೆನ್ನು ಮುಂದೆ ಹೋಗಲಿಲ್ಲ. “ಯವ್ವಾ, ಖರೇನ ಯಾರೂ ಇಲ್ಲೇನು? ನೆನಪು ಮಾಡಿಕೊಂಡು ಹೇಳು” ಎಂದು ಮೂರು ಸಲ ಕೇಳಿದೆ.

ಅಜ್ಜಿ ಖಾಜಾಸಾಬರ ಕಡೆ ತಿರುಗಿ, “ಏನಪಾ, ಇವಂಗ ಅರ್ಜಿ ಬರ್ಯಾಕ ಬರತದಂದಿ, ಒಂದು ಕಾಲಂ ತುಂಬಾಕ ಇಷ್ಟ್ ಹೊತ್ತು ಮಾಡಾಕತ್ತಾನ!” ಅಂದಳು.