ನನಗೆ ಸಮ ಯಾರು?

ನಮ್ಮ ಮುತ್ತಜ್ಜ ಮರುಳಪ್ಪನವರು ಬೆಲ್ಲದ ಮೂಟೆ ಹೊತ್ತು ಮಾಲೇಕಲ್ಲು ಬೆಟ್ಟವನ್ನು ಒಂದೇ ಉಸಿರಿಗೆ ಹತ್ತಿದವರು. ನಮ್ಮಪ್ಪ ದೇವೀರಪ್ಪನವರೋ, ಮಚ್ಚು ತಾಗಿ ಕಾಲಿಂದ ಚಿಮ್ಮಿದ ರಕ್ತವನ್ನು ಗದರಿಸಿ ಒಳಕ್ಕೆ ಕಳಿಸಿದವರು! ಇಷ್ಟಕ್ಕೂ ಕಾರಣ ನಮ್ಮ ಮನೆತನದ ನುಗ್ಗೆಸೊಪ್ಪಿನ ಕಷಾಯ. ಅದರ ಮಹಿಮೆಯನ್ನು ಜಗತ್ತಿಗೆ ಸಾರಿಯೇ ತೀರುವೆನೆಂದು ಪಣ ತೊಟ್ಟೆ.

ಮೆಡಿಕಲ್ ಓದುವ ಮೊಮ್ಮಗಳು ಸಿಂಧು ರಕ್ತ ಸಂಶೋಧನೆಯ ಪತ್ರಿಕೆಯೊಂದನ್ನು ತಂದಿದ್ದಳು. ಪತ್ರಿಕೆಯಂತೆ ಪತ್ರಿಕೆ! ರಾಶಿಭವಿಷ್ಯವಿಲ್ಲ, ಕೊಬ್ಬರಿ ಧಾರಣೆಯಿಲ್ಲ. ಒಂದು ಲೇಖನಕ್ಕೆ ಒಂದು ಊರಿನಷ್ಟು ಜನ ಹೆಸರು ಹಾಕಿಕೊಂಡಿದ್ದಾರೆ! ಶಾಲೆಯ ಹಂಗಿಲ್ಲದೆ ಓದು ಕಲಿತ ನಾನು ಒಬ್ಬನೇ ಕೂತು ಬರೆದು ಬಿಸಾಕಿದೆ.

"ಇದನ್ನ ಇಂಗ್ಲಿಷ್ ಮಾಡಿ ಕಳಿಸೇ."

"ತಾತ, ಹಾಗೆಲ್ಲ ಅಚ್ಚು ಹಾಕಲ್ಲ. ಬರೆದವರಿಗೆ ಸಮಾನರಾದವರು ಮೊದಲು ಪರಿಶೀಲಿಸ್ಬೇಕು."

"ನಂಗೆ ಸಮಾನರಾ? ಹಾರನಹಳ್ಳಿಯಿಂದ ಬೇಲೂರುಗಂಟ ಹುಡುಕು. ಒಬ್ಬ ಸಿಕ್ರೆ ಮೀಸೆ ಬೋಳಿಸ್ಕೋತೀನಿ!"

ಅಡುಗೆಮನೆಯಿಂದ ಹೆಂಡತಿ ಕಮಲಾಕ್ಷಮ್ಮನ ದನಿ ಬಂತು: "ಇರೋ ನಾಕು ಕೂದ್ಲಿಗೆ ಪಂಥ ಬೇರೆ!"

ಸಿಂಧು ಕೊನೆಗೂ ಕಳಿಸಿದಳು. ಪತ್ರಿಕೆಯವರಿಗೆ ಯಾರೋ ಇಬ್ಬರು ಸಮಾನರು ಸಿಕ್ಕೇಬಿಟ್ಟರು. ಅವರದೊಂದೇ ತಗಾದೆ: ಕಷಾಯ ಕುಡಿದವರ ರಕ್ತಪರೀಕ್ಷೆ ಎಲ್ಲಿ? ಮಂಕುಗಳು! ಮರುಳಪ್ಪನವರ ವಂಶದ ಮಾತು ಸಾಲದಂತೆ! ದಿನವೂ ಲೋಟ ತುಂಬ ಕಷಾಯ ಇಳಿಸುವವರು ನಾನು ಮತ್ತು ಕಮಲಾಕ್ಷಮ್ಮ. ಇಬ್ಬರೂ ಸಿಂಧುವಿನ ಜೊತೆ ಅರಸೀಕೆರೆಯ ಲ್ಯಾಬಿಗೆ ಹೊರಟೆವು.

ಕಮಲಾಕ್ಷಮ್ಮ ಬಳೆ ತೊಡಿಸಿಕೊಳ್ಳುವವಳಂತೆ ಕೈ ಚಾಚಿದಳು. ಪುಟ್ಟ ಯಂತ್ರ ಹಿಮೋಗ್ಲೋಬಿನ್ ಹದಿಮೂರು ಎಂದಿತು. "ನೋಡಿದ್ಯೇನೇ ನಮ್ಮ ಕಷಾಯಾನ!" ಎಂದು ಗರ್ಜಿಸಿ ನಾನೂ ಬೆರಳು ಕೊಟ್ಟೆ. ಸೂಜಿ ಚುಚ್ಚಿತು. ಕೆಂಪಗೆ ಒಂದು ಹನಿ ಕಂಡಿತು. ಆಮೇಲೆ ಫ್ಯಾನು ಕಂಡಿತು.

"ನಂಗೆ ಸಮ ಯಾರವ್ರೆ ಅಂತಿದ್ರಿ, ಈಗ ನೆಲಸಮ ಆದ್ರಲ್ರೀ!" ಎಂದಳು ಕಮಲಾಕ್ಷಮ್ಮ.

"ಅದಿರ್ಲಿ, ನಂದೆಷ್ಟು ಬಂತು?"

"ಒಂಬತ್ತು ತಾತ," ಎಂದಳು ಸಿಂಧು.

"ಸುಳ್ಳು! ಇಬ್ರೂ ಕುಡ್ಯೋದು ಒಂದೇ ಕಷಾಯ!"

"ಕುಡಿಯೋರ್ಯಾರು?" ಕಮಲಾಕ್ಷಮ್ಮ ಸೆರಗು ಬಾಯಿಗಿಟ್ಟು ನಕ್ಕಳು. "ನನ್ ಲೋಟ ದಿನಾ ಹಿತ್ಲ ತೆಂಗಿನ ಬುಡಕ್ಕೆ ಸುರೀತಿದ್ದೆ ಕಣ್ರೀ. ಪಾಪ, ಅದೂ ನಿಮ್ಮಂಗೇ ಬಿಳಿಚ್ಕೊಂಡೈತೆ!"

ಸಿಂಧು ನಗು ನುಂಗಿಕೊಂಡು ಕೈ ನೀಡಿದಳು. "ಹಿಡ್ಕೊಳ್ಳಿ ತಾತ, ಎಬ್ಬಿಸ್ತೀನಿ."

"ತೆಗಿಯೇ ಕೈನ! ಮರುಳಪ್ಪನೋರ ಮರಿಮಗ ಯಾರ ಕೈನೂ ಹಿಡಿದು ಎದ್ದೋನಲ್ಲ. ನಾನೇನು ಬಿದ್ದಿದೀನಾ? ಆ ಫ್ಯಾನು ನೆಟ್ಟಗೆ ತಿರುಗ್ತೈತಾ ಅಂತ ಪರಿಶೀಲಿಸ್ತಾ ಇದೀನಿ!"