ಅಚ್ಚುತನ ಗಿಟಾರಿಗೆ ಕಿವಿ ಇತ್ತು

ಆ ಬೇಸಗೆಯ ಮಳೆ ಒಂದು ಬಾರದೇ ಇದ್ದಿದ್ದರೆ ಅಚ್ಚುತ ತನ್ನ ಗಿಟಾರನ್ನು ನಡುಕಂಬದ ಮೊಳೆಗೆ ತೂಗುಹಾಕುತ್ತಲೂ ಇರಲಿಲ್ಲ, ಊರವರ ಬಾಯಿಗೆ ಬೀಳುತ್ತಲೂ ಇರಲಿಲ್ಲ. ಅರವತ್ತಮೂರನೇ ಇಸವಿಯ ಮಾತು. ಹಿಂದಿನ ರಾತ್ರಿ ಹುಲ್ಲಿನ ಮಾಡು ಸೋರಿ, ಗಿಟಾರು ಇಡುವ ಪೆಟ್ಟಿಗೆಯೊಳಗೆ ನೀರು ನಿಂತಿತ್ತು. ಬೆಳಿಗ್ಗೆ ಎದ್ದವನೇ ಅದನ್ನು ಒರೆಸಿ ಕಂಬಕ್ಕೆ ಹಾಕಿದ.

ಕಡಬದ ಆ ಮನೆಯನ್ನು ಅವನು ಕೂಸಪ್ಪಜ್ಜನಿಂದ ಕೊಂಡು ತಿಂಗಳಾಗಿತ್ತಷ್ಟೆ. ಹಳೇ ಮನೆ, ಮಾತಿನ ನಡುವೆ ಆಗೀಗ ಎಲ್ಲೋ ಏನೋ ಸದ್ದಾಗುತ್ತಿದ್ದುದನ್ನು ಅವನು ಲೆಕ್ಕಕ್ಕೆ ತಂದುಕೊಂಡಿರಲಿಲ್ಲ. ಅಜ್ಜ ಸುಳ್ಯದ ಮಗಳ ಮನೆಗೆಂದು ಬಸ್ಸು ಹತ್ತುವಾಗ ಮೂರು ಬುದ್ಧಿಮಾತು ಹೇಳಿದ್ದ: ಬಾವಿಯ ಹಗ್ಗ ಬದಲಿಸು, ನಡುಕಂಬದ ಮೊಳೆ ಕೀಳಬೇಡ, ನೆರೆಮನೆಯ ಪೂವಮ್ಮನ ಹತ್ತಿರ ಗುಟ್ಟು ಹೇಳಬೇಡ.

ಗಿಟಾರು ಬಂದದ್ದು ಬೊಂಬಾಯಿಯಿಂದ. ಅಲ್ಲಿ ಅವನಿಗೆ ಬಾರಿಸಲು ಕಲಿಸಿದ ಮುದುಕ ಸಾಯುವ ಮುಂಚೆ ಅದನ್ನು ಅವನ ಕೈಗಿಟ್ಟು, "ಜೋಪಾನ, ಇದಕ್ಕೆ ಕಿವಿ ಉಂಟು" ಎಂದಿದ್ದ. ಮದುವೆ, ನಾಟಕ ಎಂದು ಪುತ್ತೂರಿನಿಂದ ಈಶ್ವರಮಂಗಲದವರೆಗೆ ಅಚ್ಚುತನನ್ನು ಕರೆಯುತ್ತಿದ್ದದ್ದೂ ಅದರ ದೆಸೆಯಿಂದಲೇ. ಹೆಂಡತಿ ಶೀಲಾವತಿಗಿಂತ ಮೊದಲು ಅವನ ಜೀವನಕ್ಕೆ ಬಂದದ್ದು ಅದು. ಅವಳು ಅದನ್ನು "ಅಕ್ಕ" ಎಂದೇ ಕರೆಯುತ್ತಿದ್ದಳು, ಪ್ರೀತಿಯಿಂದಲ್ಲ.

ಕಾಫಿಯ ಹೊತ್ತಿಗೆ ಸರಿಯಾಗಿ ಆಚೆಮನೆಯ ಚನಿಯಪ್ಪ ಬಂದು ಕೂತ. ಅವನಿಗೆ ಗಡಿಯಾರ ಬೇಡ, ಪರಿಮಳ ಸಾಕು.

"ಚನಿಯಪ್ಪಣ್ಣ, ನನ್ನ ಕತ್ತಿ ಎಲ್ಲಿ?" ಅಚ್ಚುತ ಕೇಳಿದ.

"ಅದು ಹೋದ ವಾರವೇ ಕೊಟ್ಟಾಯ್ತಲ್ಲ ಮಾರಾಯ!"

ಟೊಂಯ್.

ಸದ್ದು ಬಂದದ್ದು ನಡುಕಂಬದ ಕಡೆಯಿಂದ. ಗಾಳಿ ಇರಲಿಲ್ಲ. ಅಂಗಳದ ಹಲಸಿನ ಒಂದು ಎಲೆಯೂ ಅಲುಗಿರಲಿಲ್ಲ. ಅಚ್ಚುತ ಎದ್ದು ಹೋಗಿ ಗಿಟಾರಿನ ತಂತಿ ಮುಟ್ಟಿ ನೋಡಿದ. ಈಗಷ್ಟೇ ನುಡಿದ ತಂತಿ ಬೆರಳಿಗೆ ನಡುಗಬೇಕಲ್ಲ? ಅದು ತಣ್ಣಗೆ ಬಿಗಿದುಕೊಂಡು ಸುಮ್ಮನಿತ್ತು. ಅವನಿಗೆ ಮೈ ಜುಂ ಎಂದಿತು. ಆದರೂ ಚನಿಯಪ್ಪನ ಬಿಳುಚಿದ ಮುಖ ನೋಡಿ ತಮಾಷೆ ಮಾಡದೆ ಇರಲಾಗಲಿಲ್ಲ.

"ಇಲ್ಲಿ ಸುಳ್ಳು ನಡೆಯುದಿಲ್ಲ ಚನಿಯಪ್ಪಣ್ಣ. ಇದಕ್ಕೆ ಕಿವಿ ಉಂಟು."

ಚನಿಯಪ್ಪ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಓಡಿದ. ಕತ್ತಿಯ ಜೊತೆಗೆ, ಕಳೆದುಹೋದದ್ದೇ ಅಚ್ಚುತನಿಗೆ ಗೊತ್ತಿಲ್ಲದ ಕೊಡೆಯೊಂದನ್ನೂ ತಂದಿಟ್ಟ.

ಮಧ್ಯಾಹ್ನದೊಳಗೆ ಜಗಲಿ ತುಂಬಿತು. ತನ್ನ ಮಾನ ಹೋದ ಮೇಲೆ ಇನ್ನೊಬ್ಬರದ್ದೂ ಹೋಗಬೇಡವೇ? ಚನಿಯಪ್ಪ ಪೂವಮ್ಮನನ್ನೇ ಕಂಬದ ಎದುರು ನಿಲ್ಲಿಸಿದ. "ನನ್ನ ಚಪ್ಪರದ ಬಸಳೆ ದಿನಾ ಕಮ್ಮಿ ಆಗ್ತಾ ಉಂಟು. ಹೇಳಿ ನೋಡುವ."

"ನಾನು ಇನ್ನೊಬ್ಬರ ಬಸಳೆ ಮುಟ್ಟಿದವಳೇ ಅಲ್ಲ!"

ಟೊಂಯ್.

ಪೂವಮ್ಮನ ಕೈಯಲ್ಲಿದ್ದ ವೀಳ್ಯದೆಲೆ ಕೆಳಗೆ ಬಿತ್ತು. "ಅದು... ಅದು ಗಾಳಿಗೆ ಆದದ್ದು."

ಟೊಂಯ್.

ಯಾರೂ ನಗಲಿಲ್ಲ. ಎಲ್ಲರೂ ಕಂಬದಿಂದ ಒಂದೊಂದು ಮೊಳ ಹಿಂದೆ ಸರಿದರು. ಅಚ್ಚುತನಿಗೆ ಮಾತ್ರ ಹೆದರಿಕೆಗಿಂತ ಹೆಮ್ಮೆ ತಲೆಗೇರಿತ್ತು. ಎದೆ ತಟ್ಟಿ ಹೇಳಿದ: "ಇಲ್ಲಿ ಟೊಂಯ್ ಅಂದರೆ ಮುಗೀತು, ಮತ್ತೆ ಮಾತಿಲ್ಲ! ನಾಳೆ ನಾನೇ ಸುಳ್ಳು ಹೇಳಿದರೂ ಬಿಡುದಿಲ್ಲ!"

ಗಿಟಾರಿನ ಕಡೆಯಿಂದ ಸದ್ದಿಲ್ಲ. ಆ ಮಾತು ನಿಜ ಎಂದು ಅದು ಒಪ್ಪಿಕೊಂಡಿತೆಂಬುದು ಪಾಪ, ಅವನಿಗೆ ಆಗ ಹೊಳೆಯಲಿಲ್ಲ.

ಅಷ್ಟರಲ್ಲಿ ಜೀಪು ಬಂದು ನಿಂತಿತು. ಉಪ್ಪಿನಂಗಡಿಯ ಹಂಚಿನ ವ್ಯಾಪಾರಿ ಪೋಕರ್ ಸಾಹುಕಾರರು. ಅಳಿಯನಿಗೆಂದು ಗಿಟಾರು ಕೇಳಿ ಎರಡು ಸಲ ಬರಿಗೈಲಿ ಹೋದವರು. ಪೇಟೆಯಲ್ಲಿ ಸುದ್ದಿ ಕೇಳಿ ಈ ಸಲ ಧಾವಿಸಿ ಬಂದಿದ್ದರು.

"ಅಚ್ಚುತಣ್ಣ, ಅಳಿಯನಿಗಲ್ಲ, ಈಗ ನನಗೇ ಬೇಕು. ಲಾರಿಯಿಂದ ಇಳಿಸುವಾಗ ಹಂಚು ಒಡೆದದ್ದು ಯಾರು ಅಂತ ಕೇಳಿದರೆ ಹತ್ತು ಜನ ಹತ್ತು ಕಡೆ ನೋಡ್ತಾರೆ. ಅಂಗಡಿಯಲ್ಲಿ ಇದೊಂದು ಇದ್ದರೆ ನಾನು ಗೆದ್ದೆ. ನಿಮ್ಮ ಇಡೀ ಮನೆಗೆ ಹಂಚು ಹಾಕಿಸಿ ಕೊಡ್ತೇನೆ. ಎಂತ ಹೇಳ್ತೀರಿ?"

ಒಳಬಾಗಿಲಲ್ಲಿ ಶೀಲಾವತಿ ಕಿವಿಗೊಟ್ಟು ನಿಂತಳು.

"ಸಾಹುಕಾರ್ರೆ, ಪ್ರಾಣ ಬೇಕಾದರೆ ಕೇಳಿ. ಇದನ್ನು ಮಾರುವ ಯೋಚನೆ ನನ್ನ ಕನಸಲ್ಲಿಯೂ ಬಂದದ್ದಿಲ್ಲ."

ಟೊಂಯ್ಯ್ಯ್!

ಮಾಡಿನ ಹುಲ್ಲು ಉದುರುವಷ್ಟು ಜೋರಾಗಿ. ಅಚ್ಚುತ ಬೆಚ್ಚಿ ಕಂಬದ ಕಡೆ ತಿರುಗಿದ. ಹಿಂದಿನ ರಾತ್ರಿ ಶೀಲಾವತಿ ನೆನೆದ ಚಾಪೆ ಹಿಡಿದು ಮೂಲೆಯಲ್ಲಿ ಕೂತಿದ್ದಾಗ, ಈ ಗಿಟಾರು ಕೊಟ್ಟರೆ ಎಷ್ಟು ಹಂಚು ಬಂದೀತು ಎಂದು ಅವನು ಒಂದು ಗಳಿಗೆ, ಒಂದೇ ಒಂದು ಗಳಿಗೆ ಯೋಚಿಸಿದ್ದ. ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ.

"ಅಯ್ಯೋ, ಅದೆಲ್ಲ ತಮಾಷೆ! ನಾನು ಇದನ್ನು ನಂಬುದೇ ಇಲ್ಲ!"

ಟೊಂಯ್.

ಪೂವಮ್ಮ ಇಂಥ ಗಳಿಗೆಗೇ ಕಾದಿದ್ದಳು. "ನನ್ನ ಬಸಳೆಗೆ ಸತ್ಯ, ನಿಮ್ಮ ಗಿಟಾರಿಗೆ ಸುಳ್ಳಾ? ಟೊಂಯ್ ಅಂದರೆ ಮುಗೀತು ಅಂತ ಎದೆ ತಟ್ಟಿದ್ದು ಯಾರು ಮಾರಾಯ್ರೆ?"

ಶೀಲಾವತಿಯ ಕಣ್ಣು ತುಂಬಿತ್ತು. "ಕೊಡುವ ಮನಸ್ಸು ಇದ್ದದ್ದನ್ನು ನನ್ನ ಹತ್ತಿರ ಯಾಕೆ ಹೇಳ್ಲಿಲ್ಲ ನೀವು?" ಎಂದಳು. ಮದುವೆಯಾದ ಮೇಲೆ ಅವಳು ಅವನನ್ನು ಅಷ್ಟು ಪ್ರೀತಿಯಿಂದ ನೋಡಿದ್ದು ಅದೇ ಮೊದಲು. ಇಲ್ಲ ಎನ್ನಲು ಅಚ್ಚುತನಿಗೆ ಬಾಯಿ ಬರಲಿಲ್ಲ. ಬಂದಿದ್ದರೂ ಆ ಕಂಬದ ಎದುರು ತೆರೆಯುವ ಧೈರ್ಯ ಇರಲಿಲ್ಲ.

ಪೋಕರ್ ಸಾಹುಕಾರರು ಗಿಟಾರನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಜೀಪು ಹತ್ತಿದರು. ಜೀಪಿನ ಸದ್ದು ಅಡಗುವವರೆಗೂ ಅಚ್ಚುತ ದಾರಿಯಲ್ಲೇ ನಿಂತಿದ್ದ.

ದೀಪ ಹಚ್ಚುವ ಹೊತ್ತಿಗೆ ಜಗಲಿ ಖಾಲಿಯಾಗಿತ್ತು. ಶೀಲಾವತಿ ಕಾಫಿ ತಂದುಕೊಟ್ಟು ಪಕ್ಕದಲ್ಲಿ ಕೂತಳು.

"ತುಂಬಾ ಬೇಜಾರಾಯ್ತಾ?"

"ಛೆ, ಒಂದು ಮರದ ತುಂಡಿಗೆ ಎಂತ ಬೇಜಾರು?" ಅಚ್ಚುತ ಲೋಟ ನೋಡುತ್ತ ಹೇಳಿದ. "ನನಗೆ ಒಂಚೂರೂ ಬೇಜಾರಿಲ್ಲ."

ಟೊಂಯ್.

ಇಬ್ಬರೂ ಮೆಲ್ಲನೆ ತಿರುಗಿ ನೋಡಿದರು. ಕಂಬದಲ್ಲಿ ಬರೀ ಮೊಳೆ ಇತ್ತು.