ಅತ್ತೆಗೊಂದು ಗಟ್ಟಿ ಕುರ್ಚಿ

ಮಾಂತಾ ಬಂದರಿನಲ್ಲಿ ದೋಣಿ ರಿಪೇರಿ ನನ್ನ ಕಸುಬು. ಗಾಜಿನ ನಾರಿನ ಬಟ್ಟೆ ಹಾಸಿ, ರಾಳ ಬಳಿದು ನಾನು ತೇಪೆ ಹಾಕಿದ ದೋಣಿ ಬಂಡೆಗೆ ಬಡಿದರೆ ಬಂಡೆಯೇ ಅಯ್ಯೋ ಅನ್ನಬೇಕು. ಇಂಥ ಮಹಾಶಿಲ್ಪಿಗೆ ಸ್ವಂತ ಮನೆಯಲ್ಲಿ ಮೂರು ಕಾಸಿನ ಬೆಲೆಯಿಲ್ಲ.

ಹೋದ ವರ್ಷ ಅತ್ತೆ ಎಲೋದಿಯಾ ಬಂದಾಗ ನಮ್ಮ ಪ್ಲಾಸ್ಟಿಕ್ ಕುರ್ಚಿ ಅವರ ಭಾರಕ್ಕೆ ಕಾಲು ಮುರಿದುಕೊಂಡಿತು. ಅವಮಾನವಾಗಿ ಅವತ್ತೇ ಬಸ್ಸು ಹತ್ತಿದರು. ಅಂದಿನಿಂದ ಜಗಲಿಯ ಉಯ್ಯಾಲೆ ನನ್ನದು, ಸಾರಿನ ಮೀನಿನ ತಲೆ ನನ್ನದು, ಟಿವಿ ರಿಮೋಟೂ ನನ್ನದು. ಮುರಿದ ಆ ಕುರ್ಚಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತಿದ್ದೆ.

ಈಗ ನನ್ನ ಹೆಂಡತಿ ನಾರ್ಸಿಸಾ ಬಾಂಬು ಹಾಕಿದಳು.

"ಭಾನುವಾರ ಅಮ್ಮ ಬರ್ತಾಳೆ. ಕ್ರಿಸ್‌ಮಸ್ ಮುಗಿಸ್ಕೊಂಡೇ ಹೋಗೋದು."

"ಇನ್ನೂ ಆಗಸ್ಟ್ ಕಣೇ!"

"ಆದ್ರೇನಂತೆ? ಊರೋರ ದೋಣಿಗೆಲ್ಲ ತೇಪೆ ಹಾಕ್ತೀರಲ್ಲ, ನಮ್ಮಮ್ಮನಿಗೆ ಮುರೀದೇ ಇರೋ ಒಂದು ಕುರ್ಚಿ ಮಾಡೋಕಾಗಲ್ವಾ?"

ಕುರ್ಚಿ ಮುರಿದರೆ ತಾನೇ ಅತ್ತೆ ಹೋಗುವುದು! ರಾಳ ಒಂದೇ ಆದರೆ ಗಟ್ಟಿಯೇನೋ ಹೌದು, ಭಾರ ಬಿದ್ದರೆ ಬಾಳೆಕಾಯಿ ಚಿಪ್ಸಿನಂತೆ ಚಟ್ಟನೆ ಮುರಿಯುತ್ತದೆ. ಒಳಗೆ ಗಾಜಿನ ನಾರಿದ್ದರಷ್ಟೇ ತಡೆಯುತ್ತದೆ. ಎರಡು ಕುರ್ಚಿ ಮಾಡಿದೆ. ನನ್ನದಕ್ಕೆ ಪದರ ಪದರವಾಗಿ ನಾರು; ನೋಡಲು ಗೋಣಿಚೀಲದಷ್ಟೇ ಒರಟು. ಅತ್ತೆಯದಕ್ಕೆ ಬರೀ ರಾಳ, ಫಳಫಳ ಹೊಳೆಯುತ್ತಿತ್ತು. (ಗಾಜಿನ ಧೂಳು ಚುಚ್ಚಿ ಮೈಯೆಲ್ಲ ಕೆರೆದುಕೊಂಡೆ. ಮಹತ್ಕಾರ್ಯಕ್ಕೆ ಇಷ್ಟಾದರೂ ತ್ಯಾಗ ಬೇಡವೇ?)

ಅತ್ತೆ ಬಂದರು. ಎರಡೂ ಕುರ್ಚಿಗಳನ್ನು ಸುತ್ತಿ, ಬೆರಳಿನ ಗೆಣ್ಣಿನಿಂದ ಟಕಟಕ ಬಡಿದು ನೋಡಿದರು.

"ಅಳಿಯಂದ್ರೇ, ಈ ಹೊಳೆಯೋದು ನಂಗಾ?"

"ನಿಮಗೇ ಅಂತ ಮಾಡಿದ್ದು ಅತ್ತೇ! ಕೂತ್ಕೊಳ್ಳಿ!"

"ಛೆ ಛೆ! ಮನೆ ಯಜಮಾನ್ರು ಒರಟು ಕುರ್ಚೀಲಿ ಕೂತು, ನಾನು ಇದ್ರಲ್ಲಿ ಮೆರೆಯೋದಾ? ನೀವೇ ಕೂತ್ಕೊಳ್ಳಿ."

ಜನ್ಮದಲ್ಲಿ ನನಗೆ ಮರ್ಯಾದೆ ಕೊಡದವರು ಅದಕ್ಕೆ ಇವತ್ತೇ ಮುಹೂರ್ತ ಇಟ್ಟಿದ್ದರು.

"ಬೇಡ ಅತ್ತೇ, ನಂಗೆ ನಿಂತ್ರೇ ಆರಾಮ."

"ಅಮ್ಮ ಅಷ್ಟು ಪ್ರೀತಿಯಿಂದ ಹೇಳ್ತಿದ್ದಾಳೆ, ಕೂತ್ಕೊಳ್ರೀ!" ಎಂದು ನಾರ್ಸಿಸಾ ನನ್ನ ಹೆಗಲು ಹಿಡಿದು ಅದುಮಿದಳು.

ಚಟ್!

ಬೆನ್ನುಮೂಳೆಯ ತುದಿ ಬಿರುಕು ಬಿಟ್ಟಿದೆ, ಅಲ್ಲಾಡಬೇಡಿ ಎಂದರು ಡಾಕ್ಟರು. ಈಗ ನಾನು ಬೋರಲು ಮಲಗಿದ್ದೇನೆ. ಪಕ್ಕದಲ್ಲೇ ನನ್ನ ಒರಟು ಕುರ್ಚಿ, ಅದರ ತುಂಬ ಅತ್ತೆ. ಕುರ್ಚಿ ಕಿರ್ ಅನ್ನುತ್ತಲೂ ಇಲ್ಲ, ಹಾಳಾದ್ದು.

"ನಿಮ್ಮ ಸೊಂಟ ಸರಿಹೋಗೋ ತನಕ ನಾನೆಲ್ಲಿಗೂ ಹೋಗಲ್ಲ," ಎನ್ನುತ್ತ ಕಡಲೆಕಾಯಿ ಹಾಕಿದ ಮೀನಿನ ಸಾರನ್ನು ಒಂದು ಚಮಚ ನನ್ನ ಬಾಯಿಗಿಟ್ಟರು. ಆಮೇಲೆ ಕಿವಿಯ ಹತ್ತಿರ ಬಗ್ಗಿದರು.

"ನಿಮ್ಮ ಮಾವನೋರೂ ದೋಣಿ ಕಟ್ತಿದ್ದೋರೇ ಅಲ್ವಾ? ನಮ್ಮಮ್ಮ ಬಂದಾಗ ಅವಳಿಗೂ ಹೀಗೇ ಒಂದು ಫಳಫಳ ಕುರ್ಚಿ ಮಾಡ್ಕೊಟ್ಟಿದ್ರು."